ದೊಡ್ಡರೋಗ ಭೂಮಿಯಿಂದಲೇ ಹೋಗಿದ್ದು ಹೆಂಗೆ? ಪದೇ ಪದೇ ಕೇಳೋ ಪ್ರಶ್ನೆಗಳು

ಲಸಿಕೆ ಕ್ಯಾಂಪ್‌ಗಳಲ್ಲಿ, ಡೇರಿಗೆ ಹಾಲು ಹಾಕಿ ನಿಂತ್ಕೊಂಡು ಮಾತಾಡುವಾಗ, ಪಶುವೈದ್ಯಕೀಯ ಓದೋ ಮಕ್ಕಳು ಫೋನ್ ಮಾಡಿದಾಗ, ಹಿಂದೆ ದನ ಎಮ್ಮೆಗಳನ್ನ ಕೊಲ್ತಿದ್ದ ದೊಡ್ಡರೋಗದ ಬಗ್ಗೆ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತಾವೆ. ಕೇಳಿದೋರ ಮಾತಲ್ಲೇ ಪ್ರಶ್ನೆ ಇಟ್ಟಿದೀನಿ. ಸುಲಭದ್ದು ಮೊದಲು, ಸ್ವಲ್ಪ ಬಿಡಿಸಿ ಹೇಳಬೇಕಾದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆ ಒಂದನ್ನೇ ಓದಿದ್ರೂ ಸಾಕು, ಅರ್ಥ ಆಗುತ್ತೆ.

## ಮೊದಲಿಂದ

ದೊಡ್ಡರೋಗ ಅಂದ್ರೆ ಕಾಲುಬಾಯಿ ಜ್ವರನೇ ತಾನೆ ಸಾರ್?

ಅಲ್ಲ. ಎರಡರಲ್ಲೂ ಬಾಯಿ ಹುಣ್ಣಾಗಿ ಜೊಲ್ಲು ಸುರಿಯೋದ್ರಿಂದ ಈ ಗೊಂದಲ ಆಗುತ್ತೆ, ಆದ್ರೆ ಎರಡೂ ಬೇರೆ ಬೇರೆ ವೈರಸ್. ಕಾಲುಬಾಯಲ್ಲಿ ಗೊರಸಿನ ಸಂದೀಲಿ ಹುಣ್ಣಾಗುತ್ತೆ, ದನ ಕುಂಟುತ್ತೆ, ಹಾಲು ಇಳಿಯುತ್ತೆ, ದೊಡ್ಡ ದನಗಳು ಬಹುಪಾಲು ಉಳ್ಕೊಳ್ತವೆ. ದೊಡ್ಡರೋಗದಲ್ಲಿ ಕಾಲಿಗೆ ಏನೂ ಇಲ್ಲ. ಹೊಡೆತ ಎಲ್ಲಾ ಬಾಯಿಗೆ, ಕರುಳಿಗೆ, ಉಳಿಯೋದೇ ಕಷ್ಟ. ಇಂಗ್ಲಿಷ್ ಪುಸ್ತಕಗಳಲ್ಲಿ ರಿಂಡರ್‌ಪೆಸ್ಟ್ ಅಂತ ಇರೋದು ಇದೇ.

ಅದು ಬಂದಾಗ ದನಕ್ಕೆ ಏನಾಗ್ತಿತ್ತು? ನಮ್ಮ ವಯಸ್ಸಿನೋರು ಯಾರೂ ನೋಡಿಲ್ಲ

ನೋಡದೆ ಇರೋದು ನಿಮ್ಮ ಪುಣ್ಯ. ಮೊದಲು ಜೋರು ಜ್ವರ, ದನ ಮೇವು ಬಿಟ್ಟು ಮಂಕಾಗಿ ನಿಲ್ಲುತ್ತೆ, ಮೆಲುಕು ನಿಲ್ಲುತ್ತೆ. ಕಣ್ಣಲ್ಲಿ ನೀರು ಸುರಿದು ಕೆನ್ನೆ ಮೇಲೆ ಕಪ್ಪು ಗೆರೆ ಬೀಳುತ್ತೆ, ಆಮೇಲೆ ಕಣ್ಣು ಮೂಗು ಎರಡರಲ್ಲೂ ಕೀವು. ಎರಡು ಮೂರು ದಿನಕ್ಕೆ ತುಟಿ ಎತ್ತಿ ನೋಡಿದ್ರೆ ಒಸಡಿನ ಮೇಲೆ, ನಾಲಿಗೆ ಅಡಿಯಲ್ಲಿ ಬೂಸಾ ಉದುರಿಸಿದಂಗೆ ಸಣ್ಣ ಸಣ್ಣ ಬೂದು ಚುಕ್ಕೆ. ಬೆರಳಲ್ಲಿ ಸವರಿದ್ರೆ ಅದು ಉದುರಿ ಅಡೀಲಿ ಕೆಂಪು ಹಸಿ ಗಾಯ ಕಾಣುತ್ತೆ. ಬಾಯಿಂದ ಕೆಟ್ಟ ವಾಸನೆ. ಆಮೇಲೆ ಶುರುವಾಗೋದು ಭೇದಿ, ನೀರು ನೀರಾಗಿ, ರಕ್ತ ಲೋಳೆ ಸೇರ್ಕೊಂಡು. ಬೆನ್ನು ಗೂನು ಮಾಡ್ಕೊಂಡು ಮುಕ್ಕಿ ಮುಕ್ಕಿ ಹಾಕುತ್ತೆ, ಮೈಯಲ್ಲಿರೋ ನೀರೆಲ್ಲ ಹೋಗಿ ಕಣ್ಣು ಒಳಗೆ ಇಳಿಯುತ್ತೆ. ಜ್ವರ ಹತ್ತಿದ ಒಂದು ವಾರ, ಹೆಚ್ಚು ಅಂದ್ರೆ ಹನ್ನೆರಡು ದಿನದಲ್ಲಿ ಕಥೆ ಮುಗೀತು.

ಈ ರೋಗವನ್ನ ಯಾವತ್ತೂ ಕಂಡಿಲ್ಲದ ಜಾಗಕ್ಕೆ ಅದು ಹೊಕ್ಕರೆ ನೂರಕ್ಕೆ 80, 90 ದನ ಹೋಗ್ತಿದ್ವು. ನಮ್ಮ ಬಯಲುಸೀಮೆ ನಾಟಿ ದನಗಳು ತಲೆತಲಾಂತರದಿಂದ ಇದರ ಜೊತೆ ಬದುಕಿದ್ದಕ್ಕೆ ಸ್ವಲ್ಪ ತಡ್ಕೊಳ್ತಿದ್ವು, ಎಮ್ಮೆ, ಗುಡ್ಡಗಾಡಿನ ದನ, ವಿದೇಶಿ ತಳಿ, ಮಿಶ್ರತಳಿ ತಡ್ಕೊಳ್ತಿರ್ಲಿಲ್ಲ.

ಮನುಷ್ಯರಿಗೆ ಅಂಟ್ತಿತ್ತಾ?

ಇಲ್ಲ. ಗೊರಸು ಸೀಳಿರೋ ಪ್ರಾಣಿಗಳಿಗೆ ಮಾತ್ರ: ದನ, ಎಮ್ಮೆ, ಯಾಕ್, ಕಾಡೆಮ್ಮೆ, ಜಿಂಕೆ ಜಾತಿ, ಸ್ವಲ್ಪ ಮಟ್ಟಿಗೆ ಕುರಿ ಮೇಕೆ ಹಂದಿ. ಆದ್ರೆ ಒಂದು ಸಂಬಂಧ ಇದೆ. ಮಕ್ಕಳಿಗೆ ಬರೋ ದಡಾರದ ವೈರಸ್ಸು ಈ ವೈರಸ್ಸಿನ ಹತ್ತಿರದ ನೆಂಟ. ಮನುಷ್ಯರು ದನದ ಜೊತೆ ಒಂದೇ ಸೂರಿನ ಕೆಳಗೆ ಬದುಕೋಕೆ ಶುರು ಮಾಡಿದ ಮೇಲೆ, ಸಾವಿರಾರು ವರ್ಷದ ಹಿಂದೆ, ದನದ ವೈರಸ್ಸಿನ ಪೂರ್ವಜ ಒಂದು ಮನುಷ್ಯರಿಗೆ ದಾಟಿ ದಡಾರ ಆಯ್ತು ಅನ್ನೋದು ವಿಜ್ಞಾನಿಗಳ ಅಭಿಪ್ರಾಯ.

ನಿಜವಾಗ್ಲೂ ಪೂರ್ತಿ ಹೋಗಿದ್ಯಾ? ಇಲ್ಲ ಕಮ್ಮಿ ಆಗಿದೆ ಅಷ್ಟೇನಾ?

ಪೂರ್ತಿ ಹೋಗಿದೆ. ಕೊನೇ ಸಲ ಈ ರೋಗ ಕಂಡಿದ್ದು 2001ರಲ್ಲಿ, ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ. ಆಮೇಲೆ ಹತ್ತು ವರ್ಷ ಹುಡುಕಿ ಹುಡುಕಿ ಎಲ್ಲೂ ಸಿಗದೆ, 2011ರ ಮೇ ತಿಂಗಳಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ಜೂನ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಇಡೀ ಭೂಮಿ ದೊಡ್ಡರೋಗದಿಂದ ಮುಕ್ತ ಅಂತ ಘೋಷಣೆ ಮಾಡಿದ್ವು. ಸಿಡುಬು ಆದ್ಮೇಲೆ ಮನುಷ್ಯ ಬುಡಸಮೇತ ಕಿತ್ತ ಎರಡನೇ ರೋಗ ಇದು, ಪ್ರಾಣಿಗಳ ರೋಗದಲ್ಲಿ ಮೊದಲನೇದು. ಭಾರತದಲ್ಲಿ ಕೊನೇ ಸಲ ಕಂಡಿದ್ದು 1995ರಲ್ಲಿ.

ದನದ ರೋಗ ತಾನೆ, ಅದಕ್ಯಾಕೆ ಇಷ್ಟು ದೊಡ್ಡ ಮಾತು?

ಈ ಪ್ರಶ್ನೆಯನ್ನ ಸಾಮಾನ್ಯವಾಗಿ ಸಿಟಿಯವರು ಕೇಳ್ತಾರೆ, ಹಳ್ಳಿಯವರು ಕೇಳಲ್ಲ. ಟ್ರ್ಯಾಕ್ಟರ್ ಇಲ್ಲದ ಕಾಲದಲ್ಲಿ ಎತ್ತು ಸತ್ತರೆ ಉಳುಮೆ ಇಲ್ಲ, ಉಳುಮೆ ಇಲ್ಲ ಅಂದ್ರೆ ಬೆಳೆ ಇಲ್ಲ, ಗೊಬ್ಬರ ಇಲ್ಲ, ಗಾಡಿ ಇಲ್ಲ, ಹಾಲಿಲ್ಲ. ಮಳೆ ಚೆನ್ನಾಗಿ ಆಗಿದ್ರೂ ಬರ ಬಂದಂಗೆ ಆಗ್ತಿತ್ತು.

ಇದರ ಭೀಕರ ಉದಾಹರಣೆ ಆಫ್ರಿಕಾ. 1887ರ ಸುಮಾರಿಗೆ ಇಟಲಿಯ ಸೈನ್ಯಕ್ಕಾಗಿ ಭಾರತದಿಂದಲೋ ಅರೇಬಿಯಾ ಕಡೆಯಿಂದಲೋ ತಂದ ದನಗಳ ಜೊತೆ ರೋಗ ಈಗಿನ ಎರಿಟ್ರಿಯಾಕ್ಕೆ ಇಳೀತು. ಹತ್ತೇ ವರ್ಷದಲ್ಲಿ ದಕ್ಷಿಣ ಆಫ್ರಿಕಾದ ತುದಿ ಮುಟ್ಟಿತು. ಹೋದ ದಾರೀಲೆಲ್ಲ ದನಗಳು ನೂರಕ್ಕೆ 80–90 ಸತ್ವು. ಇಥಿಯೋಪಿಯಾದಲ್ಲಿ 1888ರಿಂದ 1892ರವರೆಗಿನ ಕ್ಷಾಮದಲ್ಲಿ ಜನಸಂಖ್ಯೆಯ ಮೂರನೇ ಒಂದು ಭಾಗ ಹೋಯ್ತು ಅಂತ ಅಂದಾಜು. ದನವನ್ನೇ ನಂಬಿದ್ದ ಪೂರ್ವ ಆಫ್ರಿಕಾದ ಮಸಾಯಿ ಜನ ಬೀದಿಗೆ ಬಿದ್ರು. ಮನುಷ್ಯರಿಗೆ ಅಂಟದ ರೋಗ ಒಂದು ಇಷ್ಟು ಮನುಷ್ಯರನ್ನ ಕೊಂದಿದ್ದು, ಹಸಿವಿನ ಮೂಲಕ.

ಯುರೋಪಿನವರಿಗೂ ಪೆಟ್ಟು ಬಿದ್ದಿತ್ತು. ಜಗತ್ತಿನ ಮೊದಲ ಪಶುವೈದ್ಯಕೀಯ ಕಾಲೇಜು 1760ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಶುರುವಾಗೋಕೆ ಮುಖ್ಯ ಕಾರಣ ಈ ರೋಗನೇ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ನಮ್ಮ ದನಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರಲ್ಲಿ ಇಳಿದಾಗ ಅಲ್ಲಿ ರೋಗ ಹರಡ್ತು, ಆ ಗಾಬರಿಯಲ್ಲೇ 1924ರಲ್ಲಿ ದೇಶಗಳೆಲ್ಲ ಸೇರಿ ಪ್ಯಾರಿಸ್‌ನಲ್ಲಿ ಪ್ರಾಣಿ ರೋಗಗಳ ಅಂತರರಾಷ್ಟ್ರೀಯ ಕಚೇರಿ ತೆಗೆದ್ರು. ಮುಂದೆ 2011ರಲ್ಲಿ ರೋಗ ಹೋಯ್ತು ಅಂತ ಘೋಷಣೆ ಮಾಡಿದ್ದೂ ಅದೇ ಸಂಸ್ಥೆ.

## ಲಸಿಕೆ ವಿಷಯ

ಲಸಿಕೆ ಬರೋಕ್ಕೆ ಮುಂಚೆ ಏನ್ ಮಾಡ್ತಿದ್ರು? ಮಾರಮ್ಮನಿಗೆ ಹರಕೆ ಅಷ್ಟೇನಾ?

ಹರಕೆ ಇತ್ತು, ಮಾರಿಯನ್ನ ಊರ ಗಡಿ ದಾಟಿಸೋದೂ ಇತ್ತು. ಅದನ್ನ ನಾನು ಹಗುರವಾಗಿ ಮಾತಾಡಲ್ಲ, ಕಣ್ಣೆದುರಿಗೆ ಕೊಟ್ಟಿಗೆ ಖಾಲಿ ಆಗ್ತಿದ್ರೆ ಜನ ಇನ್ನೇನು ಮಾಡ್ಬೇಕಿತ್ತು.

ಯುರೋಪಲ್ಲಿ 1700ರ ದಶಕದಿಂದಲೇ ಇನ್ನೊಂದು ದಾರಿ ಹಿಡಿದ್ರು. ರೋಗ ಬಂದ ದನಗಳನ್ನ ಕೊಂದು ಹೂಳೋದು, ದನದ ಓಡಾಟ ಬಂದ್ ಮಾಡೋದು. ಪೋಪ್‌ರ ವೈದ್ಯ ಲಾನ್ಸಿಸಿ ಅನ್ನೋರು ರೋಮ್‌ನಲ್ಲಿ ಇದನ್ನ ಕಟ್ಟುನಿಟ್ಟಾಗಿ ಮಾಡ್ಸಿದ್ರು. ಯುರೋಪು ರೋಗ ಕಳ್ಕೊಂಡಿದ್ದು ಬಹುಮಟ್ಟಿಗೆ ಹಿಂಗೆ, ಲಸಿಕೆಯಿಂದಲ್ಲ. ನಮ್ಮಲ್ಲಿ ಆ ದಾರಿ ಸಾಧ್ಯನೇ ಇರ್ಲಿಲ್ಲ, ಒಂದು ಜೊತೆ ಎತ್ತು ಇರೋನ ಹತ್ರ ಹೋಗಿ ಅದನ್ನ ಕೊಲ್ತೀವಿ ಅಂದ್ರೆ ಯಾರು ಒಪ್ತಾರೆ.

ಆಮೇಲೆ ಸೀರಮ್ ಬಂತು. ರೋಗ ಬಂದು ಉಳಿದ ದನದ ರಕ್ತದಿಂದ ಸೀರಮ್, ಅಂದ್ರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ, ತೆಗೆದು ಬೇರೆ ದನಕ್ಕೆ ಕೊಟ್ರೆ ಕೆಲವು ದಿನ ರಕ್ಷಣೆ. ಒಂದು ಕಡೆ ಸೀರಮ್, ಇನ್ನೊಂದು ಕಡೆ ರೋಗದ ರಕ್ತ, ಎರಡನ್ನೂ ಒಟ್ಟಿಗೆ ಚುಚ್ಚಿ ಶಾಶ್ವತ ರಕ್ಷಣೆ ಕೊಡೋ ವಿಧಾನನೂ ಇತ್ತು, ಆದ್ರೆ ಅದರಲ್ಲಿ ಅಪಾಯ ಜಾಸ್ತಿ. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದು ಈ ರೋಗಕ್ಕೆ ಸೀರಮ್ ತಯಾರು ಮಾಡೋಕೇ. ಹೆಬ್ಬಾಳದಲ್ಲಿರೋ ಈಗಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯ ಬೇರು ಅಲ್ಲಿದೆ.

ಲಸಿಕೆ ಕಂಡುಹಿಡಿದಿದ್ದು ಯಾರು?

ಒಬ್ಬರಲ್ಲ. ಮೊದಲ ದೊಡ್ಡ ಹೆಜ್ಜೆ ನಮ್ಮ ದೇಶದಲ್ಲೇ ಆಗಿದ್ದು, ಕುಮಾವೂಂ ಬೆಟ್ಟದ ಮುಕ್ತೇಶ್ವರದಲ್ಲಿ. ರೋಗದ ವೈರಸ್ ಹಿಡ್ಕೊಂಡು ಕೆಲಸ ಮಾಡೋ ಲ್ಯಾಬು ಊರಿಂದ ದೂರ ಇರ್ಬೇಕು ಅಂತ ಬ್ರಿಟಿಷರು 1890ರ ದಶಕದಲ್ಲಿ ಪುಣೆಯಿಂದ ಅಲ್ಲಿಗೆ ಸಾಗಿಸಿದ್ರು, ಈಗ ಅದು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕ್ಯಾಂಪಸ್ಸು. 1920ರ ದಶಕದಲ್ಲಿ ಅಲ್ಲಿದ್ದ ಜೆ. ಟಿ. ಎಡ್ವರ್ಡ್ಸ್ ವೈರಸ್ಸನ್ನ ಮೇಕೆಯಿಂದ ಮೇಕೆಗೆ, ಮೇಕೆಯಿಂದ ಮೇಕೆಗೆ ನೂರಾರು ಸಲ ದಾಟಿಸಿದ್ರು. ಹಂಗೆ ದಾಟಿ ದಾಟಿ ಅದು ಮೇಕೆಗೆ ಒಗ್ಗಿಹೋಗಿ ದನಕ್ಕೆ ಕೊಲ್ಲೋ ಶಕ್ತಿ ಕಳ್ಕೊಂಡ್ತು, ರಕ್ಷಣೆ ಕೊಡೋ ಶಕ್ತಿ ಮಾತ್ರ ಉಳೀತು. ಭಾರತದ ಕೋಟ್ಯಂತರ ದನಕ್ಕೆ ಹಾಕಿದ್ದು ಈ ಮೇಕೆ ಲಸಿಕೆ. ನಾಟಿ ದನಕ್ಕೆ ಚೆನ್ನಾಗಿತ್ತು, ಮಿಶ್ರತಳಿಗಳಿಗೆ ಮಾತ್ರ ಖಾರ ಆಗ್ತಿತ್ತು, ಜ್ವರ ಬಂದು ಕೆಲವು ಸಾಯ್ತಾನೂ ಇದ್ವು, ಅವಕ್ಕೆ ಮೊಲದಲ್ಲಿ ಪಳಗಿಸಿದ ಬೇರೆ ಲಸಿಕೆ ಬಳಸ್ತಿದ್ರು.

ಎಲ್ಲಾ ತಳಿಗೂ ಎಲ್ಲಾ ವಯಸ್ಸಿಗೂ ಆಗೋ ಲಸಿಕೆ ಬಂದಿದ್ದು ಕೀನ್ಯಾದ ಮುಗುಗಾದಿಂದ, 1960ರ ಆಸುಪಾಸು. ವಾಲ್ಟರ್ ಪ್ಲೋರೈಟ್ ಅನ್ನೋ ಪಶುವೈದ್ಯರು ವೈರಸ್ಸನ್ನ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿ ಪಳಗಿಸಿದ್ರು. ಅದಕ್ಕೆ 1999ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಸಿಕ್ತು. ಪ್ರಾಣಿಗೆ ಮಾಡಿದ ಲಸಿಕೆಗೆ ಆಹಾರದ ಪ್ರಶಸ್ತಿ ಕೊಟ್ಟಿದ್ದು ಸರಿಯಾಗೇ ಇದೆ ಅನ್ಸುತ್ತೆ ನನಗೆ.

ಒಂದೇ ಇಂಜೆಕ್ಷನ್ ಸಾಕಾಗ್ತಿತ್ತಾ? ಕಾಲುಬಾಯಿಗೆ ಆರು ತಿಂಗಳಿಗೊಂದ್ಸಲ ಬರ್ತೀರಲ್ಲ

ಹೌದು, ಒಂದೇ ಸಾಕು. ಈ ರೋಗ ಹೋಗೋಕೆ ಸಾಧ್ಯ ಆಗಿದ್ದೇ ಅದರ ಕೆಲವು ಗುಣಗಳಿಂದ. ವೈರಸ್ಸಲ್ಲಿ ಒಂದೇ ವಿಧ, ಹಂಗಾಗಿ ಒಂದೇ ಲಸಿಕೆ ಜಗತ್ತಿಗೆಲ್ಲ ಆಗುತ್ತೆ. ಒಂದ್ಸಲ ಲಸಿಕೆ ಹಿಡೀತು ಅಂದ್ರೆ ಆ ದನ ಬದುಕಿರೋವರೆಗೂ ರಕ್ಷಣೆ. ರೋಗ ಬಂದ ದನ ಒಂದೋ ಸಾಯುತ್ತೆ ಇಲ್ಲ ಪೂರ್ತಿ ವಾಸಿ ಆಗುತ್ತೆ, ವಾಸಿಯಾದ ಮೇಲೆ ವೈರಸ್ ಒಳಗೇ ಇಟ್ಕೊಂಡು ಹರಡೋದಿಲ್ಲ. ವೈರಸ್ಸು ಹೊರಗಡೆ ಬಿಸಿಲಿಗೆ ಬೇಗ ಸಾಯುತ್ತೆ, ಹರಡ್ಬೇಕು ಅಂದ್ರೆ ದನ ದನ ಹತ್ತಿರ ಹತ್ತಿರ ಇರ್ಬೇಕು. ಅಂದ್ರೆ ಇದು ಬದುಕಬೇಕಾದ್ರೆ ದಿನಾ ಹೊಸ ದನ ಸಿಗ್ತಾ ಇರ್ಬೇಕು. ಆ ಸರಪಳಿ ಒಂದ್ಸಲ ಕಡಿದ್ರೆ ಎಲ್ಲೂ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ.

ಫ್ರಿಜ್ ಇಲ್ದಿರೋ ಊರಿಗೆ ಲಸಿಕೆ ಹೆಂಗೆ ತಗೊಂಡು ಹೋಗ್ತಿದ್ರು?

ಥರ್ಮಾಸ್ ಫ್ಲಾಸ್ಕ್, ಐಸು, ಸೈಕಲ್ಲು, ಕಾಲ್ನಡಿಗೆ. ಲಸಿಕೆ ಒಣಪುಡಿ ರೂಪದಲ್ಲಿ ಚಿಕ್ಕ ಶೀಷೆಯಲ್ಲಿ ಬರೋದು, ತಣ್ಣಗಿರೋ ಸಲೈನ್‌ಗೆ ಬೆರೆಸಿದ ಮೇಲೆ ಕೆಲವೇ ಗಂಟೆ ಟೈಮು, ಅಷ್ಟರಲ್ಲಿ ಊರಿನ ದನವೆಲ್ಲ ಮುಗೀಬೇಕು. ಬೆಳಿಗ್ಗೆ ದನ ಮೇಯೋಕೆ ಬಿಡೋಕ್ಕೆ ಮುಂಚೆ ಊರು ತಲುಪದೆ ಇದ್ರೆ ಆ ದಿನ ಹೋದಂಗೆ. ಮಧ್ಯಾಹ್ನದ ಬಿಸಿಲಲ್ಲಿ ಬೆಚ್ಚಗಾದ ಲಸಿಕೆ ಚುಚ್ಚಿದ್ರೆ ಲೆಕ್ಕಕ್ಕೆ ಡೋಸು, ದನಕ್ಕೆ ಬರೀ ನೀರು.

ಆಫ್ರಿಕಾದ ದೂರದ ಜಾಗಗಳಲ್ಲಿ ಈ ಥರ್ಮಾಸ್ ಲೆಕ್ಕನೂ ನಡೀಲಿಲ್ಲ. ಅದಕ್ಕೆ 1980ರ ದಶಕದ ಕೊನೆಯಲ್ಲಿ ಜೆಫ್ರಿ ಮ್ಯಾರಿನರ್ ಮತ್ತವರ ಜೊತೆಯೋರು ಪ್ಲೋರೈಟ್ ಲಸಿಕೆಯನ್ನೇ ಒಣಗಿಸೋ ರೀತಿ ಬದಲಾಯಿಸಿ, ಫ್ರಿಜ್ ಇಲ್ದೆ ಹೆಚ್ಚುಕಮ್ಮಿ ಒಂದು ತಿಂಗಳು ತಡೆಯೋ ಹಂಗೆ ಮಾಡಿದ್ರು. ಇದರಿಂದ ಆಗಿದ್ದು ದೊಡ್ಡ ಬದಲಾವಣೆ: ಲಸಿಕೆಯನ್ನ ದನ ಕಾಯೋರ ಕೈಗೇ ಕೊಡಬಹುದಾಯ್ತು. ಇಥಿಯೋಪಿಯಾದ ಅಫಾರ್ ಪ್ರದೇಶ, ದಕ್ಷಿಣ ಸುಡಾನ್, ಜೀಪ್ ಹೋಗದ, ಯುದ್ಧ ನಡೀತಿದ್ದ ಜಾಗಗಳಲ್ಲಿ, ಅಲ್ಲಿನ ದನಗಾಹಿಗಳಿಗೇ ತರಬೇತಿ ಕೊಟ್ಟು ಅವರ ಕೈಯಿಂದಲೇ ಹಾಕ್ಸಿದ್ರು. ಡಾಕ್ಟ್ರು ತಲುಪದ ದನವನ್ನ ಅವರು ತಲುಪಿದ್ರು.

## ಮಧ್ಯದಲ್ಲಿ ಸಿಕ್ಕಾಕೊಂಡಿದ್ದು ಯಾಕೆ

1954ರಿಂದ ಎಲ್ಲಾ ದನಕ್ಕೂ ಲಸಿಕೆ ಹಾಕಿದ್ರು ಅಂತೀರ, ಹಂಗಾದ್ರೆ 1995ರವರೆಗೆ ಯಾಕೆ ಎಳೀತು?

ನನ್ನ ಪ್ರಕಾರ ಇಡೀ ಕಥೆಯ ಪ್ರಾಣ ಇರೋದು ಈ ಪ್ರಶ್ನೇಲಿ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ.

ಭಾರತದಲ್ಲಿ ದೊಡ್ಡರೋಗ ನಿರ್ಮೂಲನೆ ಕಾರ್ಯಕ್ರಮ ಶುರುವಾಗಿದ್ದು 1954ರಲ್ಲಿ. ಕೆಲವೇ ವರ್ಷದಲ್ಲಿ ನೂರಕ್ಕೆ 80 ದನ ಎಮ್ಮೆಗೆ ಲಸಿಕೆ ಹಾಕಿಬಿಟ್ರೆ ರೋಗ ತಾನಾಗೇ ನಿಂತುಹೋಗುತ್ತೆ, ಆಮೇಲೆ ಹೊಸ ಕರುಗಳಿಗೆ ಹಾಕ್ಕೊಂಡು ಹೋದ್ರೆ ಸಾಕು ಅನ್ನೋದು ಯೋಚನೆ. ಅರ್ಧ ನಿಜನೂ ಆಯ್ತು. ವರ್ಷಕ್ಕೆ ಲಕ್ಷಗಟ್ಟಲೆ ಸಾಯ್ತಿದ್ದ ದನಗಳು ಉಳ್ಕೊಂಡ್ವು, ಎಷ್ಟೋ ಜಿಲ್ಲೆಗಳಲ್ಲಿ ರೋಗ ಮರೆತೇಹೋಯ್ತು. ಆ ಕಾಲದ ಪಶುವೈದ್ಯರು, ಕಾಂಪೌಂಡರ್‌ಗಳು, ಜವಾನರು ಮಾಡಿದ ಕೆಲಸ ಸಣ್ಣದಲ್ಲ.

ಆದ್ರೆ ಸೊನ್ನೆ ಆಗ್ಲಿಲ್ಲ. ಯಾಕಂದ್ರೆ ಕ್ಯಾಂಪಿಗೆ ಬರೋದು ಯಾವಾಗ್ಲೂ ಅದೇ ದನಗಳು. ರಸ್ತೆ ಪಕ್ಕದ ಊರಿಂದು, ಮನೆ ಮುಂದೆ ಕಟ್ಟಿರೋದು, ಸಾಧು ಇರೋದು. ಒಂದೇ ಎತ್ತಿಗೆ ಮೂರು ವರ್ಷ ಮೂರು ಸಲ ಚುಚ್ಚಿರ್ತಾರೆ, ರಿಜಿಸ್ಟರ್‌ನಲ್ಲಿ ಮೂರು ಡೋಸು ಏರುತ್ತೆ. ಕಾಡಂಚಲ್ಲಿ ದೊಡ್ಡಿ ಹಾಕ್ಕೊಂಡಿರೋ ಮಂದೆ, ಊರಿಂದೂರಿಗೆ ಹೊಡ್ಕೊಂಡು ಹೋಗೋ ವ್ಯಾಪಾರದ ದನ, ಹೋದ ಕ್ಯಾಂಪ್ ಆದ್ಮೇಲೆ ಹುಟ್ಟಿದ ಕರು, ಇವು ತಪ್ಪಿಸ್ಕೊಂಡ್ವು. ಮೇಲಿನ ಆಫೀಸಿಗೆ ಹೋಗೋ ವರದೀಲಿ ಎಷ್ಟು ಡೋಸ್ ಖರ್ಚಾಯ್ತು ಅಂತ ಇರುತ್ತೆ, ಯಾವ ದನ ಬಿಟ್ಟುಹೋಯ್ತು ಅಂತ ಇರಲ್ಲ. ವೈರಸ್ ಬದುಕಿದ್ದು ಆ ಬಿಟ್ಟುಹೋದ ದನಗಳಲ್ಲಿ.

ಅದರ ಜೊತೆಗೆ ದನದ ಓಡಾಟ. ನಮ್ಮ ಕಡೆ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆ ದನದ ಜಾತ್ರೆಗಳನ್ನ ನೋಡಿದೋರಿಗೆ ಗೊತ್ತು, ಎಷ್ಟು ಜಿಲ್ಲೆ ದನ ಮೂತಿಗೆ ಮೂತಿ ತಾಗಿಸ್ಕೊಂಡು ಒಂದು ಕಡೆ ನಿಂತಿರ್ತವೆ, ವಾರ ಕಳೆದ್ರೆ ಎಲ್ಲೆಲ್ಲಿಗೆ ಹೋಗಿರ್ತವೆ ಅಂತ. ಇಂಥ ವ್ಯಾಪಾರದ ದಾರಿಗಳೇ ವೈರಸ್ಸಿಗೂ ದಾರಿ. 1980–90ರ ದಶಕಕ್ಕೆ ಬಂದಾಗ ರೋಗ ಗಟ್ಟಿಯಾಗಿ ಕೂತಿದ್ದು ನಮ್ಮ ದಕ್ಷಿಣದ ರಾಜ್ಯಗಳಲ್ಲೇ. ಇನ್ನೊಂದು ಕಷ್ಟ, ಅರ್ಧಂಬರ್ಧ ಲಸಿಕೆ ಇರೋ ಜಾಗದಲ್ಲಿ ರೋಗ ಬೂದಿ ಮುಚ್ಚಿದ ಕೆಂಡದ ಹಂಗೆ ಇರುತ್ತೆ. ಮಂದೇಲಿ ಬಹುಪಾಲು ದನಕ್ಕೆ ರಕ್ಷಣೆ ಇರೋದ್ರಿಂದ ದೊಡ್ಡ ಸಾವು ಕಾಣಲ್ಲ, ಅಲ್ಲೊಂದು ಕರು ಇಲ್ಲೊಂದು ಕರು ಭೇದಿ ಆಗಿ ಸಾಯುತ್ತೆ, ಏನೋ ತಿಂದಿರ್ಬೇಕು ಅಂತ ಸುಮ್ಮನಾಗ್ತಾರೆ.

1992ರಲ್ಲಿ ಯುರೋಪಿಯನ್ ಒಕ್ಕೂಟದ ನೆರವಿನಿಂದ ಹೊಸ ಯೋಜನೆ ಶುರುವಾದಾಗ ಕೆಲಸದ ರೀತಿನೇ ಬದಲಾಯ್ತು. ದೇಶವನ್ನ ಅಪಾಯದ ಮಟ್ಟ ನೋಡಿ ವಲಯಗಳಾಗಿ ಹಂಚಿದ್ರು. ಎಲ್ಲಾ ಕಡೆ ಸುಮ್ಮನೆ ಚುಚ್ಚೋದು ಬಿಟ್ಟು, ಹುಡುಕೋಕೆ ಶುರು ಮಾಡಿದ್ರು. ಇಲಾಖೆಯೋರು ಹಳ್ಳಿ ಹಳ್ಳಿಗೆ ಹೋಗಿ ‘ಬಾಯಿ ಹುಣ್ಣು, ಕಣ್ಣೀರು, ಭೇದಿ, ಇಂಥದ್ದು ಯಾವ ದನಕ್ಕಾದ್ರೂ ಬಂದಿತ್ತಾ’ ಅಂತ ಕೇಳೋದು, ದನ ಹೋಗೋ ದಾರಿಗಳಲ್ಲಿ, ಸಂತೆಗಳಲ್ಲಿ ನಿಂತು ನೋಡೋದು, ಪಶು ಆಸ್ಪತ್ರೆಗಳ ದಿನಚರಿ ಪುಸ್ತಕ ತಿರುವಿ ಹಾಕೋದು. ಅನುಮಾನ ಬಂದ ಕಡೆ ಸ್ಯಾಂಪಲ್ ತೆಗೆದು ಲ್ಯಾಬಿಗೆ, ರೋಗ ಖಚಿತ ಆದ ಕಡೆ ಸುತ್ತಮುತ್ತ ಒಂದು ದನ ಬಿಡದಂಗೆ ಲಸಿಕೆ. ಮೂರೇ ವರ್ಷ. 1995ರ ನಂತರ ಭಾರತದಲ್ಲಿ ದೊಡ್ಡರೋಗ ಕಾಣ್ಲಿಲ್ಲ.

ನಲವತ್ತು ವರ್ಷದ ಲಸಿಕೆ ವ್ಯರ್ಥ ಆಯ್ತು ಅಂತ ಇದರರ್ಥ ಅಲ್ಲ, ಆ ನಲವತ್ತು ವರ್ಷ ಇಲ್ದಿದ್ರೆ ಈ ಮೂರು ವರ್ಷ ಸಾಧ್ಯನೇ ಇರ್ಲಿಲ್ಲ. ಆದ್ರೆ ಎಷ್ಟು ದನಕ್ಕೆ ಹಾಕಿದ್ವಿ ಅಂತ ಎಣಿಸ್ತಾ ಇದ್ದೋರು ಯಾವ ದನ ತಪ್ಪಿಸ್ಕೊಂಡ್ತು ಅಂತ ಕೇಳೋಕೆ ಶುರು ಮಾಡಿದಾಗ ಮಾತ್ರ ಕೆಲಸ ಮುಗೀತು.

ಆಫ್ರಿಕಾದಲ್ಲಿ ಒಂದ್ಸಲ ಹೋಗಿ ಮತ್ತೆ ಬಂತಂತೆ, ಹೌದಾ?

ಹೌದು, ಹೆಚ್ಚುಕಮ್ಮಿ ಇದೇ ತಪ್ಪು. 1962ರಿಂದ 1976ರವರೆಗೆ ಜೆಪಿ-15 ಅನ್ನೋ ಜಂಟಿ ಯೋಜನೇಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು ಸೇರಿ ಲಸಿಕೆ ಹಾಕಿದ್ವು. ರೋಗ ಬಹುತೇಕ ಕಾಣೆ ಆಯ್ತು. ಗೆದ್ವಿ ಅಂದ್ಕೊಂಡು ದುಡ್ಡು ನಿಲ್ತು, ಲಸಿಕೆ ನಿಲ್ತು, ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕೋ ಕೆಲಸ ನಡೀಲೇ ಇಲ್ಲ. ಉಳಿದಿತ್ತು, ಪಶ್ಚಿಮದಲ್ಲಿ ಮಾಲಿ ಮಾರಿಟಾನಿಯಾ ಗಡೀಲಿ, ಪೂರ್ವದಲ್ಲಿ ಸುಡಾನ್ ಕಡೆ. 1980ರ ದಶಕದ ಶುರುವಿನಲ್ಲಿ ಅಲ್ಲಿಂದ ಎದ್ದು ಬಂದು ಮತ್ತೆ ಖಂಡದ ತುಂಬಾ ಹಬ್ಬಿತು, ನೈಜೀರಿಯಾ ಒಂದರಲ್ಲೇ ಆದ ನಷ್ಟ ಭಾರಿ. 1994ರಲ್ಲಿ ಜಗತ್ತಿನ ಮಟ್ಟದ ನಿರ್ಮೂಲನೆ ಕಾರ್ಯಕ್ರಮ ಶುರು ಮಾಡುವಾಗ ಈ ಪಾಠ ಎಲ್ಲರ ತಲೇಲೂ ಇತ್ತು. ರೋಗ ಕಾಣ್ತಿಲ್ಲ ಅನ್ನೋದೂ ರೋಗ ಇಲ್ಲ ಅನ್ನೋದೂ ಒಂದೇ ಅಲ್ಲ.

## ಸ್ವಲ್ಪ ಆಳಕ್ಕೆ

ರೋಗ ಹೋಗಿದೆ ಅಂತ ಸರ್ಟಿಫಿಕೇಟ್ ಸಿಗೋಕೆ ಮುಂಚೆನೇ ಲಸಿಕೆ ನಿಲ್ಲಿಸಿದ್ರಂತೆ. ಇದೆಂಥ ಕೆಲಸ? ಅಪಾಯ ಅಲ್ವಾ?

ಅಪಾಯನೇ. ಆದ್ರೆ ಬೇರೆ ದಾರಿ ಇರ್ಲಿಲ್ಲ. ಯಾಕೆ ಅಂತ ಹೇಳ್ತೀನಿ.

ರೋಗ ಬಂದು ವಾಸಿಯಾದ ದನದ ರಕ್ತದಲ್ಲಿ ವೈರಸ್ ವಿರುದ್ಧದ ಪ್ರತಿಕಾಯಗಳು, ಅಂದ್ರೆ ವೈರಸ್ ತಡೆಯೋಕೆ ಮೈ ತಯಾರು ಮಾಡ್ಕೊಳ್ಳೋ ಅಂಶಗಳು, ಇರ್ತವೆ. ಲಸಿಕೆ ಹಾಕಿದ ದನದಲ್ಲೂ ಅವೇ ಇರ್ತವೆ. ಟೆಸ್ಟ್ ಮಾಡಿದ್ರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಅಂದ್ರೆ ಲಸಿಕೆ ಹಾಕ್ತಾ ಇರೋವರೆಗೂ ವೈರಸ್ ಓಡಾಡ್ತಿದ್ಯಾ ಇಲ್ವಾ ಅಂತ ರಕ್ತ ನೋಡಿ ಹೇಳೋಕೆ ಆಗಲ್ಲ, ಮೇಲಾಗಿ ಲಸಿಕೆಯೇ ರೋಗವನ್ನ ಮರೆಮಾಚುತ್ತೆ. ಲಸಿಕೆ ನಿಲ್ಲಿಸಿದ ಮೇಲೆ ಹುಟ್ಟಿದ ಕರುಗಳು ಮಾತ್ರ ಸಾಕ್ಷಿ ಹೇಳಬಲ್ಲವು. ತಾಯಿ ಹಾಲಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಕರಗಿಹೋಗ್ತವೆ, ಆಮೇಲೂ ಆ ಕರುವಿನ ರಕ್ತದಲ್ಲಿ ಸಿಕ್ಕಿದ್ರೆ ವೈರಸ್ ಅಲ್ಲೇ ಎಲ್ಲೋ ಇದೆ. ಸಾವಿರಾರು ಕರುಗಳಲ್ಲಿ ಸಿಗದೆ ಇದ್ರೆ ಇಲ್ಲ.

ಅದಕ್ಕೆ ಪ್ರಾಣಿ ಆರೋಗ್ಯ ಸಂಸ್ಥೆ ಒಂದು ದಾರಿ ಹಾಕಿಕೊಟ್ಟಿತ್ತು. ಮೊದಲು ರೋಗ ಕಾಣ್ತಿಲ್ಲ ಅಂತ ದೇಶ ಘೋಷಿಸಿ ಲಸಿಕೆ ನಿಲ್ಲಿಸಬೇಕು, ಆಮೇಲೆ ವರ್ಷಗಟ್ಟಲೆ ಹುಡುಕಿ ರೋಗ ಇಲ್ಲ ಅಂತ ತೋರಿಸಬೇಕು, ಕೊನೆಗೆ ರಕ್ತ ಪರೀಕ್ಷೆ ಮಾಡಿ ಸೋಂಕೇ ಇಲ್ಲ ಅಂತ ತೋರಿಸಬೇಕು. ಭಾರತ 1990ರ ದಶಕದಲ್ಲಿ ಹಂತ ಹಂತವಾಗಿ ಲಸಿಕೆ ನಿಲ್ಲಿಸ್ತು, ಸೋಂಕು ಮುಕ್ತ ಅನ್ನೋ ಮಾನ್ಯತೆ ಸಿಕ್ಕಿದ್ದು 2006ರಲ್ಲಿ. ಮಧ್ಯದ ಆ ವರ್ಷಗಳನ್ನ ಯೋಚನೆ ಮಾಡಿ. ಕೋಟ್ಯಂತರ ಕರುಗಳು ರಕ್ಷಣೆ ಇಲ್ದೆ ಬೆಳೀತಿವೆ, ಪಕ್ಕದ ಪಾಕಿಸ್ತಾನದಲ್ಲಿ 2000ದವರೆಗೂ ರೋಗ ಇತ್ತು. ಎಲ್ಲಾದ್ರೂ ಒಂದು ಕಡೆ ತಪ್ಪಾಗಿದ್ರೆ ಬೆಂಕಿ ಬಿದ್ದಂಗೆ ಆಗ್ತಿತ್ತು. ಲಸಿಕೆ ನಿಲ್ಲಿಸೋ ಆದೇಶಕ್ಕೆ ಸಹಿ ಹಾಕೋಕೆ ಎಷ್ಟು ಧೈರ್ಯ ಬೇಕಿತ್ತು ಅನ್ನೋದು ಹೊರಗಿನೋರಿಗೆ ಅಷ್ಟಾಗಿ ಗೊತ್ತಾಗಲ್ಲ.

ಕಾಡುಪ್ರಾಣಿಗಳಿಗೆ ಯಾರು ಲಸಿಕೆ ಹಾಕಿದ್ರು?

ಯಾರೂ ಹಾಕ್ಲಿಲ್ಲ, ಬೇಕಾಗ್ಲೂ ಇಲ್ಲ. ಕಾಡುಪ್ರಾಣಿಗಳಲ್ಲಿ ಈ ವೈರಸ್ ಬಹಳ ಕಾಲ ತಾನಾಗೇ ನಿಲ್ತಿರ್ಲಿಲ್ಲ, ದನದಿಂದ ಹೋಗಿ ಹೊಡೆದು ಆರಿಹೋಗೋದು, ಮತ್ತೆ ದನದಿಂದಲೇ ಬರಬೇಕು. ದನದಲ್ಲಿ ನಿಂತರೆ ಕಾಡಲ್ಲೂ ನಿಲ್ಲುತ್ತೆ.

ಇದು ಕಣ್ಣಿಗೆ ಕಾಣೋ ಹಂಗೆ ಆಗಿದ್ದು ತಾಂಜಾನಿಯಾದ ಸೆರೆಂಗೆಟಿಯಲ್ಲಿ. ಅಲ್ಲಿನ ವಿಲ್ಡೆಬೀಸ್ಟ್ (ನೋಡೋಕೆ ದನದಂಗಿರೋ ಹುಲ್ಲೆ ಜಾತಿ) ಮರಿಗಳು ವರ್ಷ ತುಂಬೋ ಹೊತ್ತಿಗೆ ಈ ರೋಗಕ್ಕೆ ಸಾಯ್ತಿದ್ವು. ಸುತ್ತಲಿನ ಸಾಕುದನಕ್ಕೆ ಲಸಿಕೆ ಹಾಕಿದ್ಮೇಲೆ, 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದ ವಿಲ್ಡೆಬೀಸ್ಟ್‌ಗಳು 1970ರ ದಶಕದ ಕೊನೆಗೆ ಹತ್ತಿರತ್ತಿರ ಹದಿಮೂರು ಲಕ್ಷ ಆದ್ವು. ಅಷ್ಟೊಂದು ಬಾಯಿ ಹುಲ್ಲು ಮೇಯ್ದಿದ್ದಕ್ಕೆ ಕಾಡ್ಗಿಚ್ಚು ಕಮ್ಮಿ ಆಯ್ತು, ಕಾಡ್ಗಿಚ್ಚು ಕಮ್ಮಿ ಆಗಿದ್ದಕ್ಕೆ ಮರಗಳು ಹೆಚ್ಚಾದ್ವು, ತಿನ್ನೋಕೆ ಸಿಕ್ಕಿದ್ದಕ್ಕೆ ಸಿಂಹ ಕತ್ತೆಕಿರುಬನೂ ಹೆಚ್ಚಿದ್ವು. ಟೀವೀಲಿ ನದಿ ದಾಟೋ ಆ ಲಕ್ಷಾಂತರ ಪ್ರಾಣಿಗಳ ಹಿಂದೆ ಹಳ್ಳಿ ದನದ ಕುತ್ತಿಗೆಗೆ ಚುಚ್ಚಿದ ಸೂಜಿ ಇದೆ.

ಕಾಡುಪ್ರಾಣಿ ಇನ್ನೊಂದು ಉಪಕಾರನೂ ಮಾಡಿದ್ವು. ಸೊಮಾಲಿಯಾ–ಕೀನ್ಯಾ ಗಡಿ ಕಡೆ ಕೊನೆಗೆ ಉಳಿದಿದ್ದ ವೈರಸ್ಸು ದನಕ್ಕೆ ಅಷ್ಟೇನೂ ತೊಂದರೆ ಕೊಡ್ತಿರ್ಲಿಲ್ಲ, ಕಾಡೆಮ್ಮೆ ಮತ್ತೆ ಕುಡು ಅನ್ನೋ ಹುಲ್ಲೆಗಳನ್ನ ಮಾತ್ರ ಕೊಲ್ತಿತ್ತು. ಅವು ಸತ್ತಿದ್ದು ನೋಡೇ ವೈರಸ್ ಇನ್ನೂ ಇದೆ ಅಂತ ಗೊತ್ತಾಗಿದ್ದು.

ಕುರಿ ಮೇಕೆಗೂ ದೊಡ್ಡರೋಗ ಬರ್ತಿತ್ತು ಅಂತ ನಮ್ಮ ತಾತ ಹೇಳ್ತಿದ್ರು. ಹಂಗಾದ್ರೆ ಈಗ ಬರ್ತಿರೋದು ಏನು?

ಈಗ ಬರ್ತಿರೋದು ಪಿಪಿಆರ್, ಉತ್ತರ ಕರ್ನಾಟಕದ ಕುರಿಗಾಹಿಗಳು ಹಿರೇಬೇನೆ ಅಂತಾರೆ. ಅದೂ ದೊಡ್ಡರೋಗದ ಕುಟುಂಬದ್ದೇ ವೈರಸ್, ಲಕ್ಷಣನೂ ಅದೇ ತರ: ಜ್ವರ, ಕಣ್ಣು ಮೂಗು ಸೋರೋದು, ಬಾಯಿ ಹುಣ್ಣು, ಭೇದಿ, ಜೊತೆಗೆ ಕೆಮ್ಮು. ಬಹಳ ಕಾಲ ಭಾರತದಲ್ಲಿ ಕುರಿಗೆ ಹಿಂಗಾದ್ರೆ ದೊಡ್ಡರೋಗ ಅಂತಲೇ ಬರ್ಕೊಳ್ತಿದ್ರು. 1987ರಲ್ಲಿ ತಮಿಳುನಾಡಿನ ಕುರಿಗಳಲ್ಲಿ ಸಿಕ್ಕಿದ ವೈರಸ್ಸನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಜೊತೆಯವರು ಪರೀಕ್ಷೆ ಮಾಡಿ ಇದು ಬೇರೆ, ಪಿಪಿಆರ್ ಅಂತ ತೋರಿಸಿದ್ರು, 1989ರಲ್ಲಿ ಅದು ಪ್ರಕಟ ಆಯ್ತು. ಇದು ಬರೀ ಹೆಸರು ತಿದ್ದಿದ್ದಲ್ಲ. ಕುರಿಯಲ್ಲಿ ಕಂಡಿದ್ದನ್ನೆಲ್ಲ ದೊಡ್ಡರೋಗ ಅಂತಲೇ ಎಣಿಸ್ತಾ ಹೋಗಿದ್ರೆ ನಾವು ಯಾವತ್ತೂ ಸೊನ್ನೆಗೆ ಬರ್ತಿರ್ಲಿಲ್ಲ.

ನಿಮ್ಮ ತಾತ ನೋಡಿದ್ದು ಎರಡರಲ್ಲಿ ಯಾವುದೂ ಆಗಿರಬಹುದು.

ಲ್ಯಾಬ್‌ಗಳಲ್ಲಿ ವೈರಸ್ ಇನ್ನೂ ಇಟ್ಕೊಂಡಿದ್ದಾರಂತಲ್ಲ, ಯಾಕೆ?

ಇದೆ. ಘೋಷಣೆ ಆದಾಗ ಎಷ್ಟೋ ದೇಶಗಳ ಫ್ರೀಜರ್‌ಗಳಲ್ಲಿ ಹಳೇ ಸ್ಯಾಂಪಲ್ಲು, ಲಸಿಕೆ ತಯಾರಿಸೋಕೆ ಬೇಕಾದ ಮೂಲ ವೈರಸ್ಸು ಉಳಿದಿತ್ತು. ಅವನ್ನ ನಾಶ ಮಾಡಿ, ಇಲ್ಲ ಒಪ್ಪಿಗೆ ಪಡೆದ ಕೆಲವೇ ಭದ್ರ ಲ್ಯಾಬ್‌ಗಳಿಗೆ ಒಪ್ಪಿಸಿ ಅಂತ ತೀರ್ಮಾನ ಆಯ್ತು. ಅತಿ ದೊಡ್ಡ ಸಂಗ್ರಹ ಇದ್ದ ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆ ಎಲ್ಲಾ ಸ್ಯಾಂಪಲ್‌ಗಳ ಜೀನೋಮ್, ಅಂದ್ರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹ, ಓದಿ ಕಂಪ್ಯೂಟರ್‌ನಲ್ಲಿ ಇಟ್ಕೊಂಡು, 2019ರಲ್ಲಿ ವೈರಸ್ಸನ್ನ ನಾಶ ಮಾಡ್ತು. ಉಳಿದೋರೂ ಅದೇ ದಾರಿ ಹಿಡಿದ್ರೆ ಒಳ್ಳೇದು. ಅಕಸ್ಮಾತ್ ರೋಗ ಮತ್ತೆ ಬಂದ್ರೆ ಅಂತ ಲಸಿಕೆ ಇಟ್ಕೊಳ್ಳೋದು ಸರಿ, ಆದ್ರೆ ಕೊಲ್ಲೋ ವೈರಸ್ ಫ್ರೀಜರ್‌ನಲ್ಲಿ ಇಟ್ಕೊಳ್ಳೋಕೆ ನನಗೆ ಒಳ್ಳೇ ಕಾರಣ ಕಾಣ್ತಿಲ್ಲ. 1978ರಲ್ಲಿ, ಸಿಡುಬು ಹೊರಗೆ ನಿಂತುಹೋದ ಮೇಲೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಲ್ಯಾಬಿಂದ ತಪ್ಪಿಸ್ಕೊಂಡ ವೈರಸ್ ಒಂದು ಜೀವ ತೆಗೆದಿತ್ತು.

## ಈಗಿನ ಮಾತು

ದೊಡ್ಡರೋಗ ಹೋಯ್ತು ಅಂದ್ರೆ ಕಾಲುಬಾಯಿ ಯಾಕೆ ಹೋಗ್ತಿಲ್ಲ? ಕಿವಿಗೆ ಓಲೆ ಹಾಕಿ ಹಾಕಿ ಸಾಕಾಯ್ತು

ನಿಮ್ಮ ಬೇಸರ ಅರ್ಥ ಆಗುತ್ತೆ. ಕಾಲುಬಾಯಿ ವೈರಸ್ಸಿನ ಗುಣ ಪೂರ್ತಿ ಉಲ್ಟಾ. ಅದರಲ್ಲಿ ಏಳು ವಿಧ ಇದೆ, ನಮ್ಮ ದೇಶದಲ್ಲಿ ಓಡಾಡೋ ಮೂರು ವಿಧಕ್ಕೆ ಲಸಿಕೆ ಮಾಡ್ತಾರೆ, ಒಂದರ ಲಸಿಕೆ ಇನ್ನೊಂದಕ್ಕೆ ಆಗಲ್ಲ. ರಕ್ಷಣೆ ಕೆಲವೇ ತಿಂಗಳು, ಅದಕ್ಕೇ ಆರು ತಿಂಗಳಿಗೊಂದ್ಸಲ. ವಾಸಿಯಾದ ದನದ ಗಂಟಲಲ್ಲಿ ವೈರಸ್ ತಿಂಗಳುಗಟ್ಟಲೆ ಉಳೀಬಹುದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಕಾಲುಬಾಯಿಯನ್ನ 2030ರ ಒಳಗೆ ನಿರ್ಮೂಲ ಮಾಡೋ ಗುರಿ ಇಟ್ಕೊಂಡಿದೆ. ಆ ಹನ್ನೆರಡು ಅಂಕಿ ಓಲೆ ಬರೀ ಸರ್ಕಾರದ ಲೆಕ್ಕಕ್ಕೆ ಅಂದ್ಕೊಬೇಡಿ. ಯಾವ ದನಕ್ಕೆ ಹಾಕಿದೆ ಯಾವುದಕ್ಕೆ ಇಲ್ಲ ಅಂತ ಗೊತ್ತಾಗೋದು ಅದರಿಂದಲೇ, ದೊಡ್ಡರೋಗದ ಕಾಲದಲ್ಲಿ ನಮಗೆ ಇಲ್ಲದೆ ಹೋಗಿದ್ದು ಅದೇ.

ಮುಂದೆ ಹೋಗೋ ರೋಗ ಯಾವುದು?

ಪಿಪಿಆರ್ ಆಗ್ಬೇಕು. 2015ರಲ್ಲಿ ಪಶ್ಚಿಮ ಆಫ್ರಿಕಾದ ಆಬಿಜಾನ್‌ನಲ್ಲಿ ದೇಶಗಳು ಸೇರಿ 2030ರ ಒಳಗೆ ಜಗತ್ತಿಂದ ತೆಗೀಬೇಕು ಅಂತ ತೀರ್ಮಾನ ಮಾಡಿದಾವೆ. ಒಂದೇ ವಿಧದ ವೈರಸ್, ಒಂದು ಡೋಸ್‌ಗೆ ವರ್ಷಗಟ್ಟಲೆ ರಕ್ಷಣೆ, ಮುಕ್ತೇಶ್ವರದಲ್ಲೇ ತಯಾರಾದ ಒಳ್ಳೇ ಲಸಿಕೆ ನಮ್ಮ ಹತ್ರ ಇದೆ. ಕಷ್ಟ ಎಲ್ಲಿ ಅಂದ್ರೆ ಕುರಿ ಮೇಕೆ ಬೇಗ ಬೇಗ ಮಾರಾಟ ಆಗಿ ಮಂದೆ ಬೇಗ ಹೊಸದಾಗುತ್ತೆ, ಮತ್ತೆ ಕುರಿಗಾಹಿಗಳು ವರ್ಷದ ಬಹುಪಾಲು ಊರಲ್ಲಿ ಇರಲ್ಲ. ಊರಿನ ಪಟ್ಟಿ ಹಿಡ್ಕೊಂಡು ಲಸಿಕೆಗೆ ಹೋದ್ರೆ ಅವರ ಮಂದೆ ಯಾವುದೋ ಜಿಲ್ಲೆಯ ಹೊಲದಲ್ಲಿ ತಂಗಿರುತ್ತೆ. ಮಳೆಗಾಲಕ್ಕೆ ಅವರು ಯಾವಾಗ ಊರಿಗೆ ಬರ್ತಾರೆ, ಯಾವ ದಾರೀಲಿ ಹೋಗ್ತಾರೆ ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು, ಕ್ಯಾಂಪಿನ ದಿನ ಗೊತ್ತು ಮಾಡೋಕೆ ಮುಂಚೆ ಅವರನ್ನ ಕೂರಿಸ್ಕೊಂಡು ಕೇಳ್ಬೇಕು.

ನಮ್ಮ ದನಕ್ಕೆ ಇವತ್ತು ಅದೇ ತರ ಬಾಯಿ ಹುಣ್ಣು, ಭೇದಿ ಕಂಡ್ರೆ ದೊಡ್ಡರೋಗ ಅಂತ ಹೆದರ್ಬೇಕಾ?

ಹೆದರೋದು ಬೇಡ, ಆದ್ರೆ ಸುಮ್ಮನಿರಬೇಡಿ. ಬೇರೆ ಎಷ್ಟೋ ರೋಗಗಳಲ್ಲಿ ಹಿಂಗೆ ಕಾಣುತ್ತೆ, ಬಹುಮಟ್ಟಿಗೆ ಅವುಗಳಲ್ಲೇ ಒಂದಾಗಿರುತ್ತೆ. ಆ ದನವನ್ನ ಬೇರೆ ಕಟ್ಟಿ, ಅದರ ನೀರಿನ ಬಾನಿ ಮೇವು ಬೇರೆ ಇಡಿ, ಸಂತೆಗೆ ಹೊಡ್ಕೊಂಡು ಹೋಗ್ಬೇಡಿ, ಹತ್ರದ ಪಶು ಆಸ್ಪತ್ರೆಗೆ ಅವತ್ತೇ ಹೇಳಿ. ಒಂದಕ್ಕಿಂತ ಜಾಸ್ತಿ ದನಕ್ಕೆ ಒಟ್ಟಿಗೆ ಬಂದಿದ್ರೆ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ ಅಂತ ನೀವೇ ಕೇಳಿ, ಕೇಳೋ ಹಕ್ಕು ನಿಮಗಿದೆ. ಸತ್ತ ದನವನ್ನ ಹಳ್ಳಕ್ಕೆ ಎಸೀಬೇಡಿ, ಡಾಕ್ಟ್ರು ನೋಡೋಕ್ಕೆ ಮುಂಚೆ ಕುಯ್ಯಬೇಡಿ, ನೋಡಿ ಹೇಳಿದ್ಮೇಲೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.